ಅವಳ ಭತ್ತಕ್ಕೆ ನಾನು ಕೊಟ್ಟ ಬಿಸಿಲು

ಮಳೆಗಾಲಕ್ಕೆ ಮುಂಚೆ ಹೀರೇಕಾಯಿ ಬೀಜದ ಡಬ್ಬಿ ತೆಗೆದೆ. ತಳದಲ್ಲಿ ಹೋದ ವರ್ಷದ ಸುಣ್ಣದ ಹರಳು ಪುಡಿಯಾಗಿ ಕುಳಿತಿತ್ತು. ಮೂಗು ಸುಡುವ ಆ ಒಣ ವಾಸನೆ ಬಂದದ್ದೇ ಕೈ ನಿಂತುಹೋಯಿತು...

ಎಷ್ಟೋ ವರ್ಷಗಳ ಹಿಂದೆ ಹಾನಗಲ್ಲಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಒಬ್ಬ ಹುಡುಗಿ ಬಾಡಿಗೆಗಿದ್ದಳು. ಚಿಕ್ಕೇರೂರಿನವಳು. ಕೃಷಿ ಕಾಲೇಜಿನ ದೊಡ್ಡ ಓದು. ಅವಳ ಭತ್ತದ ಮಡಿಗಳು ನಮ್ಮೂರ ಹೊರಗಿದ್ದವು. ನಮ್ಮ ಮನೆಯವರು ಅವಳನ್ನು ‘ಬೀಜದವ್ವ’ ಎಂದು ಕಾಡಿಸುತ್ತಿದ್ದರು. ನನಗೆ ಹೆಣ್ಣುಮಕ್ಕಳಿಲ್ಲ. ಸಂಜೆ ದೀಪ ಹಚ್ಚುವಾಗ ಪಕ್ಕದಲ್ಲಿ ಬಂದು ಕೂಡುವವಳು ಒಬ್ಬಳಿದ್ದಾಳಲ್ಲ, ಅಷ್ಟು ಕೊಟ್ಟೆಯಲ್ಲಪ್ಪಾ ಶಿವನೇ, ಎಂದುಕೊಳ್ಳುತ್ತಿದ್ದೆ.

ಅವಳು ಹಿಡಿದದ್ದು ಒಂದು ಜವಾರಿ ಭತ್ತ. ಅನ್ನ ಬಲು ರುಚಿ, ಆದರೆ ಪೈರು ಆಳೆತ್ತರ ಬೆಳೆದು ಗಾಳಿಗೆ ಮಲಗಿಬಿಡುತ್ತಿತ್ತು. ಬೀಜಕ್ಕೆ ವಿಕಿರಣ ಹಾಯಿಸಿ ಬಿತ್ತಿದರೆ ಒಂದೆರಡು ಬೆಳೆ ಕಳೆಯುವುದರಲ್ಲಿ ಎಲ್ಲೋ ಒಂದು ಗಿಡ್ಡ ಸಸಿ ಸಿಗಬಹುದು ಎಂಬ ಆಸೆ ಅವಳಿಗೆ.

“ದವಾಖಾನ್ಯಾಗ ಎಕ್ಸರೇ ತಗೀತಾರಲ್ಲ, ಹಂಗೇನವಾ?” ಎಂದು ಕೇಳಿದ್ದೆ.

“ಹಂಗ ಅನ್ಕೋರಿ ಅಕ್ಕಾ. ಪೆಟ್ಟು ಅದಕ್ಕಿಂತ ಭಾಳ ಜೋರು.”

ಬೇಸಿಗೆಯಲ್ಲಿ ಒಂದು ವಾರ ಊರಿಗೆ ಹೊರಟಳು. ಭತ್ತದ ತೇವ ಅಳೆದು ವಹಿಯಲ್ಲಿ ಬರೆದು, ಗಾಜಿನ ಭರಣಿಯ ಬಾಯಿ ಬಿಗಿದು, “ಇದನ್ನ ಯಾರೂ ಮುಟ್ಟದಂಗ ನೋಡ್ಕೋರಿ” ಎಂದಳು. ಮರುದಿನ ಕಸ ಗುಡಿಸಲು ಹೋದವಳು ಮುಚ್ಚಳ ತೆಗೆದೆ. ನಮ್ಮಲ್ಲಿ ಬೀಜದ ಕಾಳನ್ನು ಹಲ್ಲಿಗಿಟ್ಟು ನೋಡುತ್ತೇವೆ. ಕಟ್ಟೆಂದು ಸೀಳಿದರೆ ಒಣಗಿದಂತೆ. ಅವಳ ಕಾಳು ಒಡೆಯಿತು, ಆದರೆ ಮೆತ್ತಗೆ. ಇಷ್ಟು ಓದಿದವಳಿಗೆ ಬೀಜ ಒಣಗಿಸಲು ಬರುವುದಿಲ್ಲವಲ್ಲ, ಹುಳ ಬಿದ್ದೀತು ಎಂದು ಮರುಗಿದೆ. ಮಾಳಿಗೆಯ ಮೇಲೆ ಹಳೆಯ ಸೀರೆ ಹಾಸಿ ಮೂರು ದಿನ ಬಿಸಿಲಿಗೆ ಹರವಿದೆ. ಆಮೇಲೆ ನಮ್ಮವ್ವ ಮಾಡುತ್ತಿದ್ದಂತೆ, ಉಳಿದ ತೇವ ಹೀರಲೆಂದು, ಸುಣ್ಣದ ಹರಳನ್ನು ಅರಿವೆಯಲ್ಲಿ ಕಟ್ಟಿ ಕಾಳಿನ ನಡುವೆ ಇಟ್ಟೆ. ಅವಳು ಬರುವ ದಿನ ಗಂಟು ತೆಗೆದು, ದೇವರಿಗೆ ಕೈಮುಗಿದು, ಭರಣಿಯನ್ನು ಇದ್ದಲ್ಲೇ ಇರಿಸಿದೆ. ಅವಳು ಬಂದವಳೇ ವಹಿಯಲ್ಲಿದ್ದ ಅಳತೆ ನಂಬಿ, ಒಂದು ಹಿಡಿಯನ್ನು ಭರಣಿಯಲ್ಲೇ ಉಳಿಸಿಕೊಂಡು, ಮಿಕ್ಕ ಭತ್ತವನ್ನು ವಿಕಿರಣಕ್ಕೆ ಕಳಿಸಿದಳು.

ಅದು ತಿರುಗಿ ಬಂದ ಮೇಲೆ ಬಿತ್ತಿದಳು. ಮೊಳಕೆ ಎದ್ದವು. ಬೆರಳುದ್ದ ಬಂದು ಅಲ್ಲೇ ನಿಂತವು... ಹದಿನೈದು ದಿನದಲ್ಲಿ ಹಳದಿಯಾಗಿ ಸತ್ತವು. ಉಳಿಸಿಟ್ಟ ಹಿಡಿಯಿಂದ ಬಿತ್ತಿದ, ವಿಕಿರಣ ಕಾಣದ ಕಾಳುಗಳು ಮಾತ್ರ ಪಕ್ಕದ ಮಡಿಯಲ್ಲಿ ಹಸಿರಾಗಿದ್ದವು. ಭರಣಿಯ ತಳದಲ್ಲಿ ಇನ್ನೂ ನಾಲ್ಕು ಕಾಳಿದ್ದವಂತೆ. ಅವಳ ಗುರುಗಳು ಅವುಗಳ ತೇವ ಅಳೆಸಿದರು. ವಹಿಯಲ್ಲಿ ಬರೆದಿದ್ದಕ್ಕೂ ಅದಕ್ಕೂ ತಾಳೆಯಾಗಲಿಲ್ಲ. “ಅಳೆಯದೇ ಸುಳ್ಳು ಬರೆದವಳು” ಎಂದು ಎಲ್ಲರ ಮುಂದೆ ಅಂದರು.

ಅವಳು ಬಂದಾಗ ನಾನು ದೇವರ ಜಗುಲಿಯ ಮುಂದೆ ಬತ್ತಿ ಹೊಸೆಯುತ್ತಿದ್ದೆ. ಹೊಸ್ತಿಲಾಚೆಯೇ ಕುಳಿತಳು.

“ಬೀಜದಾಗ ಹದಾ ತೇವ ಇದ್ರ ಕಿರಣದ ಪೆಟ್ಟು ತಡೀತಾವ್ರಿ ಅಕ್ಕಾ. ಭಾಳ ಹಸಿ ಇದ್ರೂ ಕೆಡತಾವ, ಭಾಳ ಒಣಗಿದ್ರೂ ಕೆಡತಾವ. ಬರೇ ಒಣಗಿದ್ದಾದ್ರ ಏನೂ ಆಗೂದಿಲ್ಲ, ಬಿತ್ತಿದ್ರ ಹುಟ್ಟತಾವ. ಒಣಗಿದ್ದಕ್ಕ ಅಷ್ಟು ಕಿರಣ ಬಿದ್ರ ಸಾಯ್ತಾವ.” ಆಮೇಲೆ ಕೇಳಿದಳು: “ನಾ ಊರಿಗೆ ಹೋದಾಗ ಭರಣಿ ಯಾರರ ತಗದಿದ್ರೇನ್ರಿ?”

“ಇಲ್ಲವಾ” ಎಂದೆ. ಕೈಯಲ್ಲಿ ಬತ್ತಿ ಇತ್ತು.

ಅವಳು ಎರಡನೇ ಸಲ ಕೇಳಲಿಲ್ಲ. ಅದನ್ನೂ ದೇವರ ದಯೆ ಎಂದುಕೊಂಡೆ, ನನ್ನ ನಾಲಿಗೆಗೆ ಬೆಂಕಿ ಬೀಳಲಿ. ಅವಳ ಓದು ಅಲ್ಲಿಗೆ ನಿಂತಿತು. ಶಿಗ್ಗಾಂವಿ ಕಡೆ ಮದುವೆ ಮಾಡಿಕೊಟ್ಟರು. ಎರಡು ಸಲ ನಮ್ಮ ಮನೆಗೆ ಬಂದಿದ್ದಳು. ಎರಡು ಸಲವೂ ಹೋಳಿಗೆ ಬಡಿಸಿ, ಉಡಿ ತುಂಬಿ ಕಳಿಸಿದೆ.

ಹೀರೇಕಾಯಿ ಡಬ್ಬಿ ಮುಚ್ಚಿದವಳು ಮರುದಿನವೇ ಚಿಕ್ಕೇರೂರಿಗೆ ಹೋದೆ. ಅವಳ ಗಂಡನ ಮನೆಯ ಗುರುತು ಕೇಳಿಕೊಂಡು, ಹೋಗಿ ಎಲ್ಲವನ್ನೂ ಹೇಳಿಬಿಡಬೇಕೆಂದಿದ್ದೆ. ಅವಳ ಅಣ್ಣ ಚಹಾ ಕೊಟ್ಟು, ತಂಗಿ ಜ್ವರದಲ್ಲಿ ತೀರಿಹೋಗಿ ಎರಡು ವರ್ಷವಾಯಿತೆಂದ.

“ನಿಮ್ಮ ಮಾಳಿಗಿ ಮ್ಯಾಲ ತನ್ನ ಭತ್ತದ ಕಾಳು ಬಿದ್ದದ್ದು ನೋಡಿದ್ಲಂತ್ರಿ. ‘ಅಕ್ಕನ ಬಾಯಿಂದ ಬರಲಿ’ ಅಂತ ಕುಂತ್ಲು. ಅದಕ್ಕ ಎರಡು ಸಲ ನಿಮ್ಮ ಮನಿಗೆ ಬಂದಿದ್ಲು” ಎಂದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹೋದ ವಾರ ನಮ್ಮ ಮನೆಯವರನ್ನು ಕರೆದುಕೊಂಡು ಆ ಗುರುಗಳ ಮನೆ ಹುಡುಕಿ ಹೋದೆ. ಈಗ ನಿವೃತ್ತರು, ಅಂಗಳದಲ್ಲಿ ಪೇಪರ್ ಓದುತ್ತಿದ್ದರು. ನಿಂತುಕೊಂಡೇ ಹೇಳಿದೆ: “ಆ ಹುಡುಗಿ ವಹಿಯಾಗ ಖರೇನ ಬರದಿದ್ಲ್ರಿ ಸಾಹೇಬ್ರ. ಭತ್ತಾ ಒಣಗಿಸಿದಾಕಿ ನಾನು.”

ಅವರು ಕನ್ನಡಕ ತೆಗೆದು ಪೇಪರ್ ಮಡಚಿಟ್ಟರು. ಒಳ್ಳೆಯ ಮನುಷ್ಯರು, ಕುರ್ಚಿ ತರಿಸಿದರು.

“ಯಾವ ಹುಡುಗಿ ಅಂದ್ರಿ?” ಎಂದು ಕೇಳಿದರು.