ನಮ್ಮ ಜಗಲಿಯ ಅಂಚೆಕಲ್ಲು

ಗುಬ್ಬಿಯ ನಮ್ಮ ಮನೆಗೆ ಮೊದಲ ಸಲ ಬಂದವರು ಒಳಗೆ ಕಾಲಿಡುವ ಮುಂಚೆ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: ‘ಜಗಲಿ ಮೂಲೆ ಯಾಕೆ ಹೀಗಾಗಿದೆ? ರಿಪೇರಿ ಮಾಡಿಸಬಾರದಾ?’ ಮಾಡಿಸುವುದಿಲ್ಲ. ಅದು ತಾನಾಗಿ ಒಡೆದದ್ದಲ್ಲ, ನಾವೇ ನಿಂತು ಒಡೆಸಿದ್ದು. ಊರಿನಲ್ಲಿ ಗ್ರಾನೈಟ್ ಹಾಸಿದ ಜಗಲಿಗಳು ಬೇಕಾದಷ್ಟಿವೆ. ನನಗೆ ಮಾತ್ರ ಮೂಲೆಯಿಲ್ಲದ ನಮ್ಮ ಜಗಲಿಯ ಮೇಲೆಯೇ ಜಂಬ.

ಆ ಮೂಲೆಯ ಜಾಗದಲ್ಲಿ ಸೊಂಟದೆತ್ತರದ ಒಂದು ಕಲ್ಲಿದೆ. ಮೈಸೂರು ಸೀಮೆಯ ಅಂಚೆ ಕಾಲ್ನಡಿಗೆಯಲ್ಲಿ ಹೋಗುತ್ತಿದ್ದ ಕಾಲದಲ್ಲಿ ನೆಟ್ಟದ್ದು. ‘ತುಮಕೂರು ಅಂಚೆಗೆ ೪ ಹರದಾರಿ’ ಎಂದು ಅದರ ಮೇಲೆ ಕೊರೆದಿದ್ದಾರೆ. ಹರದಾರಿ ಅಂದರೆ ಸುಮಾರು ಮೂರು ಮೈಲಿ. ನನ್ನ ಗಂಡನ ಮುತ್ತಾತನ ತಂದೆ ಅಂಚೆ ಚೀಲ ಹೊತ್ತು ಓಡುವ ಕೆಲಸದಲ್ಲಿದ್ದರಂತೆ. ಗೆಜ್ಜೆ ಕಟ್ಟಿದ ಕೋಲು ಹಿಡಿದು ಓಡಿ ಬಂದು, ಈ ಕಲ್ಲಿನ ಹತ್ತಿರ ಮುಂದಿನವನ ಹೆಗಲಿಗೆ ಚೀಲ ದಾಟಿಸುತ್ತಿದ್ದರಂತೆ. ಆಮೇಲೆ ಕಲ್ಲಿನ ಪಕ್ಕದಲ್ಲೇ ಮನೆ ಕಟ್ಟಿಕೊಂಡರು.

ನಾನು ತುಮಕೂರಿನ ಮರಳೂರಿನವಳು. ಮದುವೆಯಾಗಿ ಬಂದ ಮೇಲೂ ಹಿರೇಹಳ್ಳಿಯ ವರ್ಕ್‌ಶಾಪಿನ ಕೆಲಸ ಬಿಡಲಿಲ್ಲ. ಲೇತ್ ಯಂತ್ರದಿಂದ ಇಳಿದ ಬಿಡಿಭಾಗಗಳನ್ನು ಅಳೆದು, ಸರಿಯಿದ್ದರೆ ಪಾಸು, ಇಲ್ಲದಿದ್ದರೆ ರಿಜೆಕ್ಟ್ ಎಂದು ಬೇರೆ ಇಡುವುದು ನನ್ನ ಕೆಲಸ. ಅಳತೆಯ ವಿಷಯದಲ್ಲಿ ನನಗೆ ಸ್ವಲ್ಪ ಕೊಬ್ಬಿತ್ತು ಎಂದೇ ಹೇಳಬೇಕು. ಅತ್ತೆ ತಟ್ಟಿದ ಒಬ್ಬಟ್ಟಿನ ದಪ್ಪವನ್ನೂ ಬಿಡುತ್ತಿರಲಿಲ್ಲ.

ಅತ್ತೆ ಪ್ರತಿ ಶುಕ್ರವಾರ ಆ ಕಲ್ಲನ್ನು ತೆಂಗಿನ ನಾರಿನಿಂದ ತಿಕ್ಕಿ ತೊಳೆಯುತ್ತಾರೆ. ಯಾರಾದರೂ ಕುಂಕುಮ ಇಡಲು ಬಂದರೆ ‘ಅದು ದ್ಯಾವ್ರಲ್ಲ ಕಣವ್ವ, ದಾರಿ ಹೇಳೋ ಕಲ್ಲು. ಅಕ್ಷರ ಮುಚ್ಚೋಯ್ತದೆ’ ಎಂದು ಗದರುತ್ತಾರೆ. ಆದರೆ ಮೊದಲೆಲ್ಲ ಒಂದು ವಿಚಿತ್ರ ನಡೆಯುತ್ತಿತ್ತು. ಕಲ್ಲಿನ ಬರಹವನ್ನು ಯಾರಾದರೂ ಗಟ್ಟಿಯಾಗಿ ಓದಿದರೆ ಅತ್ತೆ ಎದ್ದು ಒಳಗೆ ಹೋಗಿಬಿಡುತ್ತಿದ್ದರು. ಅವರಿಗೆ ಓದು ಬಾರದು, ಅದಕ್ಕೇ ಮುಜುಗರ ಎಂದುಕೊಂಡಿದ್ದೆ. ನಾನು ದೊಡ್ಡ ಬುದ್ಧಿವಂತೆಯಲ್ಲವೇ!

ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಗೆ ಹೊಸ ಚರಂಡಿ ಮಂಜೂರಾಯಿತು. ಇಂಜಿನಿಯರ್ ಟೇಪು ಹಿಡಿದು ಬಂದರು. ಕಲ್ಲು ಆಗ ಜಗಲಿಯ ಮುಂದೆ, ರಸ್ತೆಯ ಅಂಚಿನಲ್ಲಿ, ಚರಂಡಿ ಹೋಗಬೇಕಾದ ಗೆರೆಯ ಮೇಲೇ ಇತ್ತು.

‘ಅಜ್ಜಿ, ಇದನ್ನ ಪಾರ್ಕಿಗೆ ಶಿಫ್ಟ್ ಮಾಡ್ಸೋಣ. ಟೈಲ್ಸ್ ಹಾಕಿ, ಸುತ್ತ ಗ್ರಿಲ್ ಇಟ್ಟು, ನಿಮ್ಮ ಮನೆತನದ ಹೆಸರು ಬರೆಸಿ ಬೋರ್ಡ್ ಹಾಕಿಸ್ತೀನಿ’ ಅಂದರು.

ಬೋರ್ಡು ಅಂದ ಕೂಡಲೇ ನಾನು ತಲೆಯಾಡಿಸಿಬಿಟ್ಟೆ. ಅತ್ತೆ ಆಡಿಸಲಿಲ್ಲ.

‘ದ್ಯಾವ್ರ ಕಲ್ಲಾದ್ರೆ ಎಲ್ಲಿಟ್ರೂ ದ್ಯಾವ್ರೇ ಕಣಪ್ಪ. ಇದು ಹಂಗಲ್ಲ. ನಿಂತ ಜಾಗ ಬುಟ್ರೆ ಇದು ಹೇಳೋದೆಲ್ಲ ಸುಳ್ಳಾಯ್ತದೆ. ಗ್ರಿಲ್ ಒಳಗೆ ಕೂರ್ಸಿ ಸುಳ್ಳು ಹೇಳಿಸ್ತೀಯಾ?’

ಇಂಜಿನಿಯರ್ ಟೇಪು ಸುತ್ತಿಕೊಂಡರು. ‘ಸರಿ ಅಜ್ಜಿ, ಚರಂಡೀನೇ ಸೊಟ್ಟ ಮಾಡೋಕಾಗುತ್ತಾ ನೋಡ್ತೀನಿ’ ಎಂದು ಹೊರಟರು. ನನಗಂತೂ ಹೆಮ್ಮೆಯೋ ಹೆಮ್ಮೆ. ಓದು ಬಾರದ ನಮ್ಮತ್ತೆ ಓದಿದವರ ಬಾಯಿ ಮುಚ್ಚಿಸಿದ್ದರು. ಆದರೆ ಗೆದ್ದ ಕಳೆ ಅತ್ತೆಯ ಮುಖದಲ್ಲಿರಲಿಲ್ಲ. ಮಧ್ಯಾಹ್ನ ಮುದ್ದೆ ಮುಟ್ಟಲಿಲ್ಲ.

ಮರುದಿನ ಭಾನುವಾರ. ಬೆಳಿಗ್ಗೆ ನನ್ನನ್ನೂ ನನ್ನ ಗಂಡನನ್ನೂ ಜಗಲಿಗೆ ಕರೆದರು.

‘ನೆನ್ನೆ ದೊಡ್ಡ ಮಾತಾಡ್ಬುಟ್ಟೆ. ಹೇಳೋದು ಆಚಾರ, ತಿನ್ನೋದು ಬದನೇಕಾಯಿ. ಈ ಕಲ್ಲು ಇಲ್ಲಿರ್ಲಿಲ್ಲ ಕಣವ್ವ, ಮೂರು ಮೊಳ ಒಳಗಿತ್ತು. ನಾಕು ಜನ ಕೂತು ಹುಣ್ಸೇಹಣ್ಣು ಕುಟ್ಟೋಕೆ ಜಗ್ಲಿ ಸಾಲ್ದು ಅಂತ ಹಟ ಹಿಡಿದೋಳು ನಾನೇ. ನಿಮ್ಮಾವ ಕಲ್ಲು ಕಿತ್ತು ರಸ್ತೆ ಕಡೆಗೆ ನೆಟ್ಟು, ಜಗ್ಲಿ ಬೆಳೆಸಿದ್ರು. ಆವತ್ತಿಂದ ಅದನ್ನ ಯಾರು ಓದಿದ್ರೂ ನನ್ನೇ ಬೈದಂಗಾಯ್ತಿತ್ತು. ಜಗ್ಲಿ ಮೂಲೆ ಒಡ್ಸಿ ಅದನ್ನ ಮೊದ್ಲಿನ ಜಾಗಕ್ಕೇ ನೆಡ್ಸಬೇಕು.’

ನಾನು ಸಮಾಧಾನ ಹೇಳಲು ಹೋದೆ. ‘ನಾಲ್ಕು ಹರದಾರೀಲಿ ಮೂರು ಮೊಳ ಯಾವ ಲೆಕ್ಕ ಬಿಡಿ ಅತ್ತೆ.’

‘ನಿನ್ ಫ್ಯಾಕ್ಟ್ರೀಲಿ ಕೂದ್ಲೆಳೆ ಹೆಚ್ಚುಕಮ್ಮಿ ಆದ್ರೂ ಆಚೆಗೆ ಹಾಕ್ತೀನಿ ಅಂತೀಯಲ್ಲ, ಅದ್ಯಾವ ಲೆಕ್ಕ?’

ನನ್ನ ಗಂಡನಿಗೆ ತಡೆಯಲಾಗಲಿಲ್ಲ. ‘ಅಪ್ಪ ಕಟ್ಸಿದ್ ಜಗ್ಲಿ ಕಣವ್ವ. ಅದನ್ನ ಒಡ್ಸೋದಾ?’ ಎಂದು ಹೋಗಿ ಜಗಲಿಯ ಮೂಲೆಯಲ್ಲಿ ಕೂತುಬಿಟ್ಟರು. ಮಾವ ಕೊನೆಯ ತನಕ ಸಂಜೆ ಎಲೆಅಡಿಕೆ ಹಾಕಿಕೊಂಡು ಕೂರುತ್ತಿದ್ದದ್ದು ಅದೇ ಮೂಲೆಯಲ್ಲಿ.

‘ಕಟ್ಸಿದ್ದು ನನಗೋಸ್ಕರ. ಒಡ್ಸೋಳೂ ನಾನೇ’ ಅಂದರು ಅತ್ತೆ.

ಅವತ್ತೇ ಗಾರೆ ಕೆಲಸದವರು ಬಂದರು. ಒಂದೊಂದು ಪೆಟ್ಟಿಗೂ ಅತ್ತೆ ಸೆರಗನ್ನು ಮುಷ್ಟಿಯಲ್ಲಿ ಹಿಡಿಯುತ್ತಿದ್ದರು. ಸಾಕು ಎಂದು ಮಾತ್ರ ಹೇಳಲಿಲ್ಲ. ಒಡೆದ ಮೂಲೆಯ ಇಟ್ಟಿಗೆ ಮಣ್ಣು ತೆಗೆದಾಗ ಕೆಳಗೆ ಚೌಕಾಕಾರದ ಹಳೆಯ ಗುಂಡಿ ಸಿಕ್ಕಿತು. ನಾಲ್ಕೂ ಕಡೆ ಸುಣ್ಣದ ಗಾರೆ ಹಾಗೇ ಇತ್ತು. ನಾನು ಓಡಿಹೋಗಿ ಟೇಪು ತಂದು ಗುಂಡಿಯನ್ನೂ ಕಲ್ಲಿನ ಬುಡವನ್ನೂ ಅಳೆದೆ. ಹುಟ್ಟುಗುಣ ಸುಟ್ಟರೂ ಹೋಗದು. ಕಲ್ಲನ್ನು ರಸ್ತೆಯ ಅಂಚಿನಿಂದ ಕಿತ್ತು ತಂದು ಗುಂಡಿಗೆ ಇಳಿಸಿದರು. ಅಲುಗಾಡಿಸಿ ನೋಡಿದರೆ ಜಪ್ಪಯ್ಯ ಅಂದರೂ ಅಲುಗಲಿಲ್ಲ. ‘ಪಾಸು!’ ಎಂದು ಕೂಗಿದೆ.

ಜಾಗ ಬಿಟ್ಟುಕೊಟ್ಟದ್ದರಿಂದ ಆಮೇಲೆ ಚರಂಡಿ ನೆಟ್ಟಗೇ ಹೋಯಿತು. ಇಂಜಿನಿಯರ್ ಬಂದು ಕಾಫಿ ಕುಡಿದು, ಕಲ್ಲಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಹೋದರು. ನಾನು ಮರೆಯದಿರುವುದು ಕಲ್ಲು ಇಳಿದ ಆ ಭಾನುವಾರದ ಸಂಜೆಯನ್ನು. ಶುಕ್ರವಾರವಲ್ಲದಿದ್ದರೂ ಅತ್ತೆ ಅದನ್ನು ತೊಳೆದು, ಉಳಿದ ಜಗಲಿಯ ಮೇಲೆ ಕಾಲು ಚಾಚಿ ಕೂತರು.

‘ಈಗ ಓದವ್ವ’ ಅಂದರು. ‘ಗಟ್ಟಿಯಾಗಿ ಓದು. ಬೀದಿಗೆಲ್ಲ ಕೇಳ್ಲಿ.’

‘ತುಮಕೂರು ಅಂಚೆಗೆ ನಾಲ್ಕು ಹರದಾರಿ’ ಎಂದು ಓದಿದೆ.

ಅತ್ತೆ ಎದ್ದು ಒಳಗೆ ಹೋಗಲಿಲ್ಲ. ‘ಇನ್ನೊಂದ್ಸಲ ಓದು’ ಅಂದರು.