ಘಟ್ಟದ ಕೆಳಗಿನಾಕಿಯ ಒಲೆ

ನನ್ನ ಅತ್ತೆ ಮೊದಲ ಸಲ ನನ್ನ ಕೈ ಹಿಡಿದದ್ದು ಮೂಸಿ ನೋಡುವುದಕ್ಕೆ.

ಲಾರಿಯಿಂದ ಇಳಿದು ಅಂಗಳದಲ್ಲಿ ನಿಂತಿದ್ದೆ. ದೇವಿಮನೆ ಘಟ್ಟ ಹತ್ತುವಾಗ ವಾಂತಿಯಾಗಿ ಸುಸ್ತಾಗಿತ್ತು. ಯಾರಾದರೂ ಒಂದು ತಂಬಿಗೆ ನೀರು ಕೊಟ್ಟಾರೆಂದು ಕಾಯುತ್ತಿದ್ದೆ. ಬಾಗಿಲು ದಾಟಿ ಬಂದ ಎತ್ತರದ ಹೆಂಗಸು ನನ್ನ ಬಲಗೈಯನ್ನು ಮಣಿಕಟ್ಟಿನ ಬಳಿ ಹಿಡಿದು ಮೂಗಿಗೆ ತಂದುಕೊಂಡಳು. ಬೆರಳ ಸಂದಿಗಳನ್ನು ಬಿಡಿಸಿ ಮೂಸಿದಳು. ಆಮೇಲೆ ಕೈಬಿಟ್ಟು, ತನ್ನ ಕೈಯನ್ನು ಸೆರಗಿಗೆ ಒರೆಸಿಕೊಂಡು ಮಗನ ಕಡೆ ತಿರುಗಿದಳು.

"ನಾರ್ತಾಳಲ್ಲೋ ಫಕೀರ. ಏನ ತಂದೀಯೋ ಮನಿಗೆ?"

ಫಕೀರಪ್ಪ ನನ್ನ ಗಂಡ. ಅಕ್ಕಿಆಲೂರಿನ ಗಿರಣಿಯಿಂದ ನಮ್ಮ ಕರಾವಳಿಗೆ ಅಕ್ಕಿ ತಂದು ಇಳಿಸಿ, ಹೋಗುವಾಗ ಉಪ್ಪು ತುಂಬಿಕೊಂಡು ಹೋಗುವ ಲಾರಿಯ ಡ್ರೈವರ್. ಗೋಕರ್ಣದ ಹತ್ತಿರದ ಉಪ್ಪಿನಾಗರದಲ್ಲಿ ನಾನು ಉಪ್ಪು ಹೊರುತ್ತಿದ್ದೆ. ಅಲ್ಲಿ ನನ್ನನ್ನು ನೋಡಿದ, ಅಲ್ಲಿನ ಗುಡಿಯೊಂದರಲ್ಲಿ ತಾಳಿ ಕಟ್ಟಿದ. ಅಪ್ಪ ಮೀನು ಹಿಡಿಯುವವನು, ಅವ್ವ ಬುಟ್ಟಿ ಹೊತ್ತು ಮಾರುವವಳು ಎಂದು ಅವನಿಗೆ ಗೊತ್ತಿತ್ತು. "ನಮ್ಮವ್ವ ಮೊದಲ ಸ್ವಲ್ಪ ಬೈತಾಳ, ಆಮ್ಯಾಲ ಮೆತ್ತಗ ಆಗ್ತಾಳ" ಎಂದಿದ್ದ. ಅದು ಐವತ್ತರ ದಶಕದ ಆರಂಭ. ನನಗೆ ಹದಿನೇಳೋ ಹದಿನೆಂಟೋ.

ಅತ್ತೆಯ ಹೆಸರು ನೀಲವ್ವ. ಗಂಡ ಸತ್ತ ಮೇಲೆ ಒಬ್ಬಳೇ ಹೊಲ ನಡೆಸಿ ಒಬ್ಬನೇ ಮಗನನ್ನು ಸಾಕಿದವಳು. ಅವಳು ನನ್ನನ್ನು ಹೊಡೆಯಲಿಲ್ಲ, ಕೂಗಾಡಲೂ ಇಲ್ಲ. ಹಿತ್ತಲಿನ ಹೊಟ್ಟಿನ ಕೊಟ್ಟಿಗೆಯನ್ನು ತೋರಿಸಿ, ಮೂರು ಕಲ್ಲು ತರಿಸಿ ಇಡಿಸಿ ಹೇಳಿದಳು:

"ನಿನ್ನ ಒಲಿ ಇಲ್ಲೇ. ಒಳಗ ಕಾಲ ಇಡಬ್ಯಾಡ. ನೀರಾಗಿನ ಹುಳ ಈ ಹಿತ್ತಲದಾಗ ಬೇಯಬಾರದು. ಹೈನಾನೂ ಮುಟ್ಟಬ್ಯಾಡ, ನನ್ನ ಎಮ್ಮಿ ಬತ್ತಿಹೋಗ್ತಾವು."

ಹೈನ ಎಂದರೆ ಹಾಲು, ಮೊಸರು, ಬೆಣ್ಣೆ ಎಲ್ಲವೂ. ನೀರಾಗಿನ ಹುಳ ಎಂದರೆ ಮೀನು ಎಂದು ಕಡಲ ದಂಡೆಯವರಾದ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಹೀಗೆ ಒಂದೇ ಮಾತಿನಲ್ಲಿ ನನ್ನ ಕಡಲೂ ಹೋಯಿತು, ಅವರ ಎಮ್ಮೆಯೂ ಹೋಯಿತು. ಉಳಿದದ್ದು ಮಣ್ಣಿನಿಂದ ಎದ್ದು ಬರುವುದು ಮಾತ್ರ. ಸಸ್ಯಾಹಾರವನ್ನು ವ್ರತವಾಗಿ ಹಿಡಿದವರ ಬಗ್ಗೆ ಆಮೇಲೆ ಎಷ್ಟೋ ಕೇಳಿದ್ದೇನೆ. ನನಗದು ಕೊಟ್ಟಿಗೆಯ ಜೊತೆಗೆ ಬಂತು.

ಗಂಡನ ಊರು ಹಿರೇಬೆಂಡಿಗೇರಿಯ ಮಗ್ಗುಲಿನ ಸಣ್ಣ ಹಳ್ಳಿ. ಕಡಲ ದಂಡೆಯಲ್ಲಿ ಬೆಳಗೆದ್ದರೆ ಕುಚಲಕ್ಕಿ ಗಂಜಿ, ಇಲ್ಲಿ ಜೋಳದ ರೊಟ್ಟಿ. ಅಲ್ಲಿ ತೆಂಗಿನಕಾಯಿ ಇಲ್ಲದೆ ಸಾರಿಲ್ಲ, ಇಲ್ಲಿ ಶೇಂಗಾ, ಗುರೆಳ್ಳು, ಅಗಸಿ. ನಾವು ಸೊಪ್ಪು ಎನ್ನುವುದು ಇಲ್ಲಿ ತಪ್ಪಲು. ಅನ್ನಕ್ಕೆ ಬಾನ ಎನ್ನುತ್ತಾರೆ. ಮೊದಲ ವಾರ ಅತ್ತೆ "ಬಾನ ಐತೇನ ನಿನಗ?" ಎಂದು ಕೇಳಿದಾಗ ನಾನು ಆಕಾಶ ನೋಡಿದೆ. ಅವಳು ನಕ್ಕಳು. ಅವಳು ನನ್ನೆದುರು ನಕ್ಕದ್ದು ಅದೊಂದೇ ಸಲ. ಮರುದಿನ ಓಣಿಯ ಹೆಂಗಸರೆಲ್ಲ ನನ್ನನ್ನು ಕಂಡರೆ ತಲೆಯೆತ್ತಿ ಆಕಾಶ ನೋಡುತ್ತಿದ್ದರು. ನಾಗಮ್ಮ ಎಂಬ ನನ್ನ ಹೆಸರನ್ನು ಯಾರೂ ಕೇಳಲಿಲ್ಲ. ನಾನು ಘಟ್ಟದ ಕೆಳಗಿನಾಕಿ ಆದೆ.

ರೊಟ್ಟಿ ಬಡಿಯುವುದನ್ನು ಯಾರೂ ಕಲಿಸಲಿಲ್ಲ. ಒಳಗಿಂದ ಬರುವ ಸದ್ದನ್ನು ಕೇಳಿ ಕಲಿತೆ. ಅತ್ತೆಯ ಕೈ ತಾಳ ತಪ್ಪದೆ ಪಟಪಟ ಎನ್ನುತ್ತಿತ್ತು. ನನ್ನ ರೊಟ್ಟಿ ಅಂಚಿನಲ್ಲಿ ಹರಿದು ಹಂಚಿಗೆ ಅಂಟಿಕೊಳ್ಳುತ್ತಿತ್ತು. ಬಿಸಿನೀರು ಹಾಕಿ ಹಿಟ್ಟು ನಾದಬೇಕೆಂದು ತಿಳಿಯಲು ಒಂದು ಮಳೆಗಾಲ ಹಿಡಿಯಿತು. ಒಂದು ದಿನ ರೊಟ್ಟಿ ಹಂಚಿನ ಮೇಲೆ ತಾನಾಗಿ ಉಬ್ಬಿ ನಿಂತಿತು. ತೋರಿಸಲು ಸುತ್ತಮುತ್ತ ಯಾರೂ ಇರಲಿಲ್ಲ. ಅದನ್ನು ಕೈಯಲ್ಲಿ ಹಿಡಿದುಕೊಂಡು ಆರುವವರೆಗೂ ಕೂತಿದ್ದೆ.

ಬಚ್ಚಲಿನ ನೀರು ಹರಿಯುವ ಕಡೆ ಪುಂಡಿಪಲ್ಯ, ರಾಜಗಿರಿ, ಮೆಂತ್ಯ ಹಾಕಿದೆ. ಪುಂಡಿಪಲ್ಯ ಹುಳಿ ಇರುವ ತಪ್ಪಲು. ಜೋಳದ ನುಚ್ಚು ಹಾಕಿ ಬೇಯಿಸಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಬೇರೇನೂ ಬೇಡ. ಬಾಳೆಯ ಕಂದು ನೆಟ್ಟೆ. ಪೇರಲ ತಾನಾಗಿಯೇ ಹುಟ್ಟಿತು. ಹೊಲದ ಬದುವಿನಿಂದ ಹಕ್ಕರಕಿ ತಪ್ಪಲು ತರುತ್ತಿದ್ದೆ, ಚಳಿಗಾಲದಲ್ಲಿ ಬಾರೆಹಣ್ಣು. ಆದರೂ ಸಂಜೆಯಾದರೆ ಬಾಯಿ ಮೀನು ಬೇಡುತ್ತಿತ್ತು. ಒಣ ಸಿಗಡಿಯ ಒಂದು ಚಿಟಿಕೆ ಸಿಕ್ಕರೆ ಸಾಕು ಎಂದು ಅತ್ತ ದಿನಗಳಿವೆ.

ಗಂಡನಿಗೆ ಆ ಕಷ್ಟವಿರಲಿಲ್ಲ. ಅವನು ಕುಮಟೆಗೆ ಹೋದಾಗಲೆಲ್ಲ ಖಾನಾವಳಿಯಲ್ಲಿ ಹೊಟ್ಟೆ ತುಂಬ ಮೀನು ಉಂಡು ಬರುತ್ತಿದ್ದ. ಅವನ ಬೆರಳಿನಲ್ಲಿ, ಮೀಸೆಯಲ್ಲಿ ಬಂಗಡೆಯ ವಾಸನೆ ನನಗೆ ಸ್ಪಷ್ಟವಾಗಿ ಬರುತ್ತಿತ್ತು. ಬಂದವನೇ ಕಾಲು ತೊಳೆದು ಒಳಗೆ ಹೋಗಿ ಮೊಸರನ್ನ ಉಣ್ಣುತ್ತಿದ್ದ. ಒಮ್ಮೆ ತಡೆಯಲಾರದೆ ಹಿತ್ತಲ ಬಾಗಿಲಿನಲ್ಲಿ ನಿಂತು ಕೇಳಿದೆ:

"ಅವರ ಕೈ ಯಾಕ ಮೂಸೂದಿಲ್ರಿ ಅತ್ತಿ?"

ಅತ್ತೆ ಅನ್ನ ಬಡಿಸುತ್ತಲೇ ಹೇಳಿದಳು: "ಅಂವ ಗಂಡಸು. ಹೊರಗ ತಿಂದದ್ದು ಹೊರಗ ಬಿಟ್ಟು ಬರ್ತಾನ. ನೀ ಅದರಾಗ ಹುಟ್ಟೀದಿ."

ಗಂಡ ತಲೆ ತಗ್ಗಿಸಿ ಉಣ್ಣುತ್ತಿದ್ದ. ಇನ್ನೊಂದು ಸೌಟು ಮೊಸರು ಹಾಕಿಸಿಕೊಂಡ.

ಮಗಳು ಹುಟ್ಟಿದಳು. ಕಾಶವ್ವ ಎಂದು ಅತ್ತೆಯೇ ಹೆಸರಿಟ್ಟಳು. ಕೂಸು ಮೊಲೆ ಬಿಡುವವರೆಗೆ ನನ್ನ ಬಳಿ ಇತ್ತು. ಆಮೇಲೆ ಅತ್ತೆ ಬಂದು, "ಇದು ನಮ್ಮ ಫಕೀರನ ರಕ್ತ, ಒಳಗ ಬೆಳೀತೈತಿ" ಎಂದು ಎತ್ತಿಕೊಂಡು ಹೋದಳು. ಮಗು ಒಳಗೆ ಹಾಲು ಕುಡಿಯಿತು, ಬೆಣ್ಣೆ ತಿಂದಿತು, ಕೆಂಪಗೆ ದುಂಡಗೆ ಬೆಳೆಯಿತು. ಹಿತ್ತಲಿಗೆ ಆಡಲು ಬಂದಾಗ ರೊಟ್ಟಿಯ ಚೂರು ಕೊಟ್ಟರೆ ಕೈ ಹಿಂದಕ್ಕೆ ಕಟ್ಟಿಕೊಂಡು ನಿಲ್ಲುತ್ತಿತ್ತು.

"ನಿನ್ನ ಕೈಯಾಂದು ತಿಂದ್ರ ಅಜ್ಜಿ ಒಳಗ ಬಿಡೂದಿಲ್ಲಂತ" ಎನ್ನುತ್ತಿತ್ತು.

ಆದರೆ ಪೇರಲ ಹಣ್ಣನ್ನು ಗಿಡದಿಂದ ತಾನೇ ಕಿತ್ತು ತಿನ್ನುತ್ತಿತ್ತು. ಗಿಡದ್ದಕ್ಕೆ ಮೈಲಿಗೆ ಇಲ್ಲ ಎಂದು ಅಜ್ಜಿ ಹೇಳಿಕೊಟ್ಟಿದ್ದಳು. ನಾನು ಗಿಡದ ಬುಡಕ್ಕೆ ಹೆಚ್ಚು ನೀರು ಹೊಯ್ಯತೊಡಗಿದೆ.

ಅಪ್ಪ ತೀರಿಕೊಂಡಾಗ ಗಂಡನ ಲಾರಿಯಲ್ಲಿಯೇ ತವರೂರಿಗೆ ಬಂದೆ. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಸೂತಕ ಕಳೆದ ದಿನ ಅವ್ವ ಬಂಗಡೆ ಸಾರು ಮಾಡಿದಳು. ವರ್ಷಗಟ್ಟಲೆ ಬಯಸಿದ ಊಟ ಎದುರಿಗಿತ್ತು. ಮೊದಲ ತುತ್ತು ಬಾಯಿಗೆ ಹೋಗುತ್ತಲೇ ಅಂಗಳಕ್ಕೆ ಓಡಿ ಕಾರಿದೆ. ಬಸುರಿಯೇನೋ ಎಂದುಕೊಂಡು ಅವ್ವ ಮೊದಲು ಸಂಭ್ರಮಿಸಿದಳು. ಅಲ್ಲವೆಂದು ತಿಳಿದಾಗ ಮುಖ ಗಟ್ಟಿಯಾಯಿತು.

"ಎಂತಾ ಆಯ್ತೆ ನಿಂಗೆ? ನಮ್ಮನಿ ಅನ್ನ ಹೇಸ್ಗೆ ಆಯ್ತಾ?"

"ಹಂಗಲ್ಲ ಅವ್ವಾ. ಹೊಟ್ಟೆ ಒಪ್ಪೂದಿಲ್ಲ. ನಾ ಎಂತಾ ಮಾಡ್ಲಿ?"

"ಇದೇ ತಿಂದು ಬೆಳ್ದ ಹೊಟ್ಟೆ ಅಲ್ವೇನೆ ಅದು?"

ಮರುದಿನದಿಂದ ಅವ್ವ ನನಗೆ ಬೇರೆ ಎಲೆ ಹಾಕಿದಳು, ಹೊರಗೆ ಜಗುಲಿಯ ಮೇಲೆ. ಬಾಳೆಕಾಯಿ ಪಲ್ಯ, ಗಂಜಿ. ವಾಸನೆ ಬಡಿಯಬಾರದೆಂದು ಹೊರಗೆ ಹಾಕಿದ್ದೇನೆ ಎಂದಳು. ಅಣ್ಣಂದಿರು ಒಳಗೆ ಕೂತು ಉಣ್ಣುತ್ತ, "ಭಟ್ರ ಹೆಣ್ತಿಗೆ ಇನ್ನೊಂಚೂರು ಪಲ್ಯ ಬೇಕಾ ಕೇಳಿ" ಎಂದು ನಗುತ್ತಿದ್ದರು. ಅವ್ವ ನಗಲಿಲ್ಲ, ಅವರನ್ನು ಗದರಿಸಲೂ ಇಲ್ಲ. ಅಲ್ಲಿಂದ ಬೇಗ ಹೊರಟುಬಿಟ್ಟೆ.

ಕಾಶಿಗೆ ಹನ್ನೊಂದೋ ಹನ್ನೆರಡೋ ಆದಾಗ ಅತ್ತೆ ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಹಾಸಿಗೆ ಹಿಡಿದವಳು ಮೇಲೇಳಲಿಲ್ಲ. ಓಣಿಯವರು ಕೆಲವು ದಿನ ಊಟ ತಂದುಕೊಟ್ಟರು, ಆಮೇಲೆ ಸುಗ್ಗಿ ಬಂತು. ಗಂಡ ಲಾರಿಯ ಮೇಲೆ. ಕಾಶಿಗೆ ಒಲೆ ಹೊತ್ತಿಸಲು ಬರುತ್ತಿತ್ತು, ಅಡುಗೆ ಬರುತ್ತಿರಲಿಲ್ಲ. ಅವಳು ಕರಕು ಅನ್ನ ತಂದಿಟ್ಟರೆ ಅತ್ತೆ ಹಸಿದು ಸುಮ್ಮನೆ ಮಲಗುತ್ತಿದ್ದಳು. ಒಂದು ಮಧ್ಯಾಹ್ನ ಹುಡುಗಿ ಹಿತ್ತಲಿಗೆ ಬಂದು ನಿಂತಳು.

"ಅವ್ವಾ, ನೀ ಮಾಡಿಕೊಡು. ನಾನ ಮಾಡೇನಿ ಅಂತ ಹೇಳ್ತೇನಿ."

ಹುಟ್ಟಿದ ಮೇಲೆ ಅವಳು ನನ್ನಿಂದ ಕೇಳಿ ಪಡೆದ ಮೊದಲ ಊಟ ಅದು. ಅಜ್ಜಿಗಾಗಿ.

ಅಂದಿನಿಂದ ನನ್ನ ಒಲೆಯ ಅಡುಗೆ ಒಳಗೆ ಹೋಗತೊಡಗಿತು. ಹಲ್ಲಿಲ್ಲದ ಬಾಯಿಗೆಂದು ನುಚ್ಚು ಮೆತ್ತಗೆ ಬೇಯಿಸುತ್ತಿದ್ದೆ, ರಾಜಗಿರಿಯನ್ನು ಮಸೆದು ಕೊಡುತ್ತಿದ್ದೆ, ಹೆಸರುಕಾಳನ್ನು ಕುದಿಸಿ ಅದರ ಕಟ್ಟು ಬಸಿಯುತ್ತಿದ್ದೆ. ಪಪ್ಪಾಯಿ ಹಣ್ಣಾದರೆ ತಿರುಳನ್ನು ಚಮಚದಲ್ಲಿ ತೆಗೆದು ಬಟ್ಟಲಿಗೆ ಹಾಕುತ್ತಿದ್ದೆ. ಅತ್ತೆಯ ಮೈ ತುಂಬಿತು. ಕೆನ್ನೆಗೆ ಬಣ್ಣ ಬಂತು. ಗೋಡೆಯಾಚೆ ಅವಳ ಮಾತು ನನಗೆ ಕೇಳುತ್ತಿತ್ತು: "ನನ್ನ ಕಾಶಿ ಕೈಯಾಗ ಅಮೃತ ಐತಿ ನೋಡ. ನನಗಿಂತ ಚಲೋ ಮಾಡ್ತಾಳ."

ಕೇಳಿದಾಗ ಸಂತೋಷವಾಗುತ್ತಿತ್ತು. ಸುಳ್ಳು ಹೇಳಲಾರೆ, ಮಗಳ ಮೇಲೆ ಹೊಟ್ಟೆಕಿಚ್ಚೂ ಆಗುತ್ತಿತ್ತು.

ಒಂದೆರಡು ವರ್ಷ ಕಳೆದ ಮೇಲೆ ಸವಣೂರಿನಿಂದ ಇಬ್ಬರು ಮದುವೆಗೆಂದು ಕಾಶಿಯನ್ನು ನೋಡಲು ಬಂದರು. ಹುಡುಗನ ತಂದೆ ಮತ್ತು ಅವರ ತಂಗಿ. ಅಂದಿನ ಊಟವೂ ನನ್ನ ಒಲೆಯದೇ: ರೊಟ್ಟಿ, ಪುಂಡಿಪಲ್ಯ, ಮಡಕಿಕಾಳಿನ ಉಸುಳಿ, ಬಾಳೆಹಣ್ಣು. ಅವರು ಬೇಡಿ ಬೇಡಿ ಉಂಡರು. ಅತ್ತೆಯ ಹಾಸಿಗೆಯನ್ನು ಪಡಸಾಲೆಗೆ ತಂದಿದ್ದರು. ನಾನು ಹಿತ್ತಲ ಬಾಗಿಲಿನ ಹೊರಗೆ ಕೂತಿದ್ದೆ.

ಆ ಹೆಂಗಸು ಕೇಳಿದಳು: "ಹುಡುಗಿ ತಾಯಿ ಎಲ್ಲ್ಯದಾರ್ರಿ?"

ಅತ್ತೆ ತಡಮಾಡಲಿಲ್ಲ. "ಹೋಗಿಬಿಟ್ಲ್ರೀ. ಕೂಸು ತೊಟ್ಟಿಲದಾಗ ಇದ್ದಾಗನ ಹೋದ್ಲು. ನಾನ ಬೆಳಿಸೇನಿ. ಇದರಾಗ ಅವರವ್ವಂದು ಏನೂ ಬಂದಿಲ್ಲ, ಕೈರುಚಿ ಸೈತ ನಂದ."

"ಅಯ್ಯ ಪಾಪ" ಎಂದಳು ಆ ಹೆಂಗಸು.

ನನ್ನ ಗಂಡ ಅಲ್ಲೇ ಕೂತಿದ್ದ. ಅವನು ಏನಾದರೂ ಅನ್ನುತ್ತಾನೆಂದು ಕಾದೆ. ಅವನು ಅಡಿಕೆ ಕತ್ತರಿಸುತ್ತಿದ್ದ. ಕತ್ತರಿಯ ಸದ್ದು ನಿಲ್ಲಲೇ ಇಲ್ಲ.

ಮಾತಾಡಿದವಳು ಕಾಶಿ.

"ಸುಳ್ಳ್ರಿ. ನಮ್ಮವ್ವ ಘಟ್ಟದ ಕೆಳಗಿನ ಮೀನ ಹಿಡಿಯೋರ ಮಗಳು, ಅದಕ್ಕ ಹಿತ್ತಲದಾಗ ಕುಂತಾಳ. ನೀವು ಈಗ ಉಂಡದ್ದೆಲ್ಲಾ ಆಕೀನ ಮಾಡಿದ್ದು. ಅಜ್ಜಿಗೂ ದಿನಾ ಆಕೀನ ಮಾಡಿಕೊಡ್ತಾಳ."

ಬಂದವರು ಎಲೆಅಡಿಕೆ ಮುಟ್ಟದೆ ಎದ್ದರು. ಅಂಗಳದಲ್ಲಿ ಹುಡುಗನ ತಂದೆ ಬಾಯಿ ಮುಕ್ಕಳಿಸಿ ಉಗುಳಿದ ಸದ್ದು ನನಗೆ ಕೇಳಿತು. ಗಂಡ ಅವರನ್ನು ಬಸ್ಸಿನವರೆಗೆ ಕಳಿಸಿ ಬಂದು ನನ್ನ ಮುಂದೆ ನಿಂತ.

"ನೀ ಬಾಗಲಕ್ಕ ಅಷ್ಟ ಹತ್ತಿರ ಯಾಕ ಕುಂತಿದ್ದಿ? ದೂರ ಸರದು ಕುಂದ್ರಬೇಕಿತ್ತು."

"ನಾ ಸತ್ತೇನಿ ಅಂದಾಗ ನೀವ್ಯಾಕ ಸುಮ್ಮನಿದ್ರಿ?"

"ಮದುವಿ ಆದ ಮ್ಯಾಲ ಹೇಳಿದ್ರಾತು ಅಂದ್ಕೊಂಡಿದ್ದೆ."

ಆ ದಿನದಿಂದ ಅತ್ತೆ ಬೇಯಿಸಿದ್ದನ್ನು ಮುಟ್ಟಲಿಲ್ಲ. ಓಣಿಯವರು ಗಂಜಿ ತಂದರೆ ಅದರಲ್ಲೂ ನನ್ನ ಕೈ ಇರಬಹುದೆಂದು ಅನುಮಾನ. ಕಾಶಿಯ ಮುಖವನ್ನೂ ನೋಡಲಿಲ್ಲ. ಮಗನಿಗೆ ಒಂದೇ ಮಾತು ಹೇಳಿದಳು: "ಸಿಪ್ಪಿ ಇರೂ ಹಣ್ಣು ತಂದಿಡು. ಸುಲಿಬ್ಯಾಡ, ಕೊಯ್ಯಬ್ಯಾಡ."

ಬಾಳೆ ನಾನು ನೆಟ್ಟದ್ದೆಂದು ಅವಳಿಗೆ ಗೊತ್ತಿತ್ತು. ಆದರೆ ಗಿಡದ್ದಕ್ಕೆ ಮೈಲಿಗೆ ಇಲ್ಲ. ಮಲಗಿದಲ್ಲೇ ಅವಳೇ ಸುಲಿಯಬೇಕಿತ್ತು. ಅರ್ಧ ಹಣ್ಣು ಹಾಸಿಗೆಯ ಮೇಲೆ ಬೀಳುತ್ತಿತ್ತು. ಎತ್ತಿಕೊಡಲು ಕಾಶಿ ಹೋದರೆ "ಮುಟ್ಟಬ್ಯಾಡ" ಎಂದು ಕಿರುಚುತ್ತಿದ್ದಳು. ತುಂಬಿಕೊಂಡಿದ್ದ ಮೈ ನೋಡನೋಡುತ್ತ ಇಳಿಯಿತು. ಕೊನೆಕೊನೆಗೆ ಸುಲಿಯುವ ಶಕ್ತಿಯೂ ಹೋಗಿ, ಹಣ್ಣು ಎದೆಯ ಮೇಲೆ ಇಟ್ಟುಕೊಂಡು ಮಲಗಿರುತ್ತಿದ್ದಳು.

ನಾನು ಮೊದಲ ಬಾರಿ ಹೊಸ್ತಿಲು ದಾಟಿ ಒಳಗೆ ಹೋದೆ. ಕೈಯಲ್ಲಿ ಹೆಸರಿನ ಕಟ್ಟು ಇತ್ತು.

"ಅತ್ತಿ, ಒಂದು ಗುಟುಕು ಕುಡೀರಿ. ಇಷ್ಟು ದಿವಸ ಕುಡದೀರಿ, ಏನಾಗೇತಿ ನಿಮಗ?"

ಅವಳು ಕಣ್ಣು ತೆರೆದಳು. "ಅದ ನನಗ ಸಂಕಟ" ಎಂದಳು. "ಇನ್ನೂ ಬಾಯಾಗ ರುಚಿ ಐತಿ. ಹೋಗ ಹೊರಗ."

ಆಮೇಲೆ ಹೆಚ್ಚು ದಿನ ಬದುಕಲಿಲ್ಲ. ಘಟ್ಟದ ಕೆಳಗಿನಾಕಿ ಅತ್ತೆಯನ್ನು ಕೆಡಿಸಿ ಕೊಂದಳು ಎಂದು ಓಣಿ ಮಾತಾಡಿತು. ಕರಾವಳಿಯಿಂದ ಅವ್ವ ಉಪ್ಪಿನ ಲಾರಿಯವರ ಕೈಯಲ್ಲಿ ಹೇಳಿಕಳಿಸಿದಳು: ಅತ್ತೆ ಹೋದಳಲ್ಲ, ಇನ್ನು ಮೊದಲಿನ ಹಾಗೆ ಉಣ್ಣಲು ಅಡ್ಡಿಯಿಲ್ಲವಲ್ಲ ಎಂದು.

ಈಗ ಒಳಗಿನ ಒಲೆ ನನ್ನದು. ಎಮ್ಮೆಗಳು ಬತ್ತಲಿಲ್ಲ, ನನ್ನ ಕೈಗೇ ಹಾಲು ಕೊಡುತ್ತವೆ. ಗಂಡನಿಗೂ ಮಗಳಿಗೂ ಮೊಸರು ಬಡಿಸುತ್ತೇನೆ, ನನಗೆ ಮಾತ್ರ ರೊಟ್ಟಿ, ತಪ್ಪಲು, ಹಣ್ಣು. ಬೇರೆ ಯಾವುದನ್ನೂ ಬಾಯಿ ಒಪ್ಪುವುದಿಲ್ಲ. ಅತ್ತೆ ಇದ್ದಾಗ ಓಣಿಯವರು ಮಜ್ಜಿಗೆಗೆ ಚರಿಗೆ ಹಿಡಿದು ಬರುತ್ತಿದ್ದರು, ಈಗ ಯಾರೂ ಬರುವುದಿಲ್ಲ. ಉಳಿದ ಮಜ್ಜಿಗೆಯನ್ನು ಬಾಳೆಯ ಬುಡಕ್ಕೆ ಸುರಿಯುತ್ತೇನೆ. ಕಾಶಿ ನನ್ನ ಪಕ್ಕದಲ್ಲಿ ಕೂತು ಉಣ್ಣುತ್ತಾಳೆ, ಆದರೆ ಮೊದಲ ತುತ್ತಿಗೆ ಅವಳ ಕೈ ಈಗಲೂ ಒಂದು ಗಳಿಗೆ ಅನುಮಾನಿಸುತ್ತದೆ. ಅವಳಿಗದು ಗೊತ್ತಾಗುವುದಿಲ್ಲ, ನಾನೂ ಹೇಳಿಲ್ಲ.

ಶಿಗ್ಗಾಂವಿಯ ಸಂತೆಯಲ್ಲೋ ಹಾನಗಲ್ಲಿನ ಬಸ್ಸಿನಲ್ಲೋ ಪಕ್ಕದವರು ನಿಮ್ಮೂರು ಯಾವುದವ್ವಾ ಎಂದು ಕೇಳಿದರೆ ಘಟ್ಟದ ಕೆಳಗೆ, ಕಡಲ ದಂಡೆ ಎನ್ನುತ್ತೇನೆ. ನಿಮ್ಮಲ್ಲಿಗೆ ಬಂದಾಗ ಯಾರಾದರೂ ಕೇಳಿದರೆ ಹಿರೇಬೆಂಡಿಗೇರಿಯ ಕಡೆ ಎನ್ನುತ್ತೇನೆ. ಕೇಳಿದವರು ಹೌದೇ ಎಂದು ತಲೆಯಾಡಿಸುತ್ತಾರೆ. ಎರಡೂ ಕಡೆ, ಸೀರೆಯ ನೆರಿಗೆ ಸರಿಮಾಡಿಕೊಳ್ಳುವ ನೆಪದಲ್ಲಿ, ಒಂದಿಷ್ಟು ಆಚೆ ಸರಿದು ಕೂರುತ್ತಾರೆ.