ಓರಗಿತ್ತಿ ಓದಿ ಮುಗಿಸಿದ ಕಾದಂಬರಿ

ಆ ಕಾದಂಬರಿಯನ್ನು ನಾನು ಕೊಂಡದ್ದು ಬಿ.ಇಡಿ. ಮುಗಿಸಿದ ವರ್ಷ. ಎಂಟುನೂರು ಪುಟಕ್ಕೂ ಹೆಚ್ಚು. ಕನ್ನಡ ಪಾಠ ಮಾಡುವವರು ಅದನ್ನು ಓದಿರಲೇಬೇಕು ಎಂಬ ಮಾತಿತ್ತು. ಮೂರು ಸಲ ಶುರುಮಾಡಿದೆ, ಮೂರು ಸಲವೂ ಇನ್ನೂರನೆಯ ಪುಟದ ಆಸುಪಾಸಿನಲ್ಲಿ ಸೋತೆ. ಆದರೂ ತಿಪಟೂರಿನ ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಅದರ ಮಾತು ಬಂದಾಗಲೆಲ್ಲ "ಮಹಾಕೃತಿ" ಎನ್ನುತ್ತಿದ್ದೆ. ಓದಿದ್ದೀರಾ ಎಂದು ಯಾರೂ ಕೇಳಲಿಲ್ಲ.

ಹೋದ ವರ್ಷ ನನ್ನ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಳು. ಹೊನ್ನವಳ್ಳಿ ಕಡೆಯ ನಮ್ಮ ಮನೆಯಲ್ಲಿ ನಾವೆಲ್ಲ ಒಟ್ಟಿಗೇ ಇರುವುದು. ತೋಟ, ಹಸು, ಅಡುಗೆ ಎಂದು ಒಂದು ಗಳಿಗೆ ಕೂರದವಳು ಪ್ಲಾಸ್ಟರ್ ಹಾಕಿಸಿಕೊಂಡು ಮಂಚ ಹಿಡಿದಳು. ಅವಳ ಓದು ಎಸ್ಸೆಸ್ಸೆಲ್ಸಿಗೇ ನಿಂತಿತ್ತು.

"ಅಕ್ಕ, ಕೂತು ಕೂತು ತಲೆ ಕೆಟ್ಟೋಗೈತೆ. ಯಾವ್ದಾದ್ರೂ ಕತೆ ಬುಕ್ಕಿದ್ರೆ ಕೊಡಿ," ಅಂದಳು.

ಕಪಾಟಿನಲ್ಲಿ ಬೇರೆ ಪುಸ್ತಕಗಳಿದ್ದವು. ನಾನು ಅದನ್ನೇ ಕೊಟ್ಟೆ. ಎರಡು ದಿನಕ್ಕೆ ಆಗೋಲ್ಲ ಅಂತ ವಾಪಸ್ ಕೊಡುತ್ತಾಳೆ, ಆಗ ನನಗೂ ಒಂದಿಷ್ಟು ಸಮಾಧಾನ ಎಂಬ ಸಣ್ಣತನ ಒಳಗಿತ್ತು.

ಹದಿನೆಂಟು ದಿನದಲ್ಲಿ ಮುಗಿಸಿದಳು.

ಅಷ್ಟಕ್ಕೇ ನಿಂತಿದ್ದರೆ ಸಹಿಸಿಕೊಳ್ಳುತ್ತಿದ್ದೆನೇನೋ. ಆ ಭಾನುವಾರ ಅಟ್ಟದಿಂದ ಇಳಿಸಿದ ಒಣಗಾಯಿ ಒಡೆದು ಕೊಬ್ಬರಿ ಬಿಡಿಸಲು ಅಕ್ಕಪಕ್ಕದ ಹೆಂಗಸರು ಬಂದಿದ್ದರು. ಅವಳು ಕುರ್ಚಿಯಲ್ಲಿ ಕಾಲು ಚಾಚಿ ಕೂತು ಕತೆ ಶುರುಮಾಡಿದಳು. ಒಡೆದುಹೋಗುವ ಮನೆತನ, ಕೀಲಿಕೈ ಬಿಡದ ಮುದುಕಿ, ಯಾರಿಗೂ ಹೇಳದೆ ಹೊರಟುಹೋಗುವ ಹಿರಿಸೊಸೆ. ಸ್ವಲ್ಪ ಹೊತ್ತಿಗೆ ಚಿಪ್ಪು ಒಡೆಯುವ ಸದ್ದೇ ನಿಂತಿತು. ನನಗೆ ಬಂದ ಪ್ರಶಸ್ತಿಪತ್ರವನ್ನೂ ತಿರುಗಿ ನೋಡದ ನಮ್ಮತ್ತೆ, "ಆಮೇಲೇನಾಯ್ತೇ? ಕೀಲಿಕೈ ಕೊಟ್ಳಾ ಇಲ್ವಾ?" ಎಂದು ಅವಳ ಬಾಯನ್ನೇ ನೋಡುತ್ತ ಕೂತರು. ಹಿರಿಸೊಸೆ ಗಂಡನ ಮನೆಯ ಸೀರೆಯನ್ನೆಲ್ಲ ಮಡಿಸಿಟ್ಟು ಹೊಸ್ತಿಲು ದಾಟುವಾಗ ಪಕ್ಕದ ಮನೆಯಾಕೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಇಪ್ಪತ್ತು ವರ್ಷದ ನನ್ನ ಪಾಠವನ್ನು ಯಾರೂ ಹೀಗೆ ಕೇಳಿರಲಿಲ್ಲ.

"ಅಕ್ಕ, ಅವ್ಳು ಹೊಂಟೋಗಿದ್ದು ಸರೀನಾ? ನೀವೇನಂತೀರಿ?" ಎಂದು ಅವಳು ನನ್ನ ಕಡೆ ತಿರುಗಿದಳು.

"ಅದು... ಆ ಕಾಲದ ಸಮಾಜ ಹಂಗಿತ್ತು," ಅಂದೆ.

ಅವಳು ಒಂದು ಕ್ಷಣ ನನ್ನನ್ನೇ ನೋಡಿದಳು. "ಅಕ್ಕ ಓದಿ ಭಾಳ ವರ್ಷ ಆಗೈತೆ, ಮರ್ತಿರ್ತಾರೆ ಬುಡಿ," ಎಂದು ಉಳಿದವರಿಗೆ ಹೇಳಿ ಕತೆ ಮುಂದುವರಿಸಿದಳು. ಆಡಿಕೊಂಡಿದ್ದರೂ ನನಗೆ ಅಷ್ಟು ಉರಿಯುತ್ತಿರಲಿಲ್ಲ.

ಬೇಸಿಗೆ ರಜೆಯಲ್ಲಿ ಹಟಕ್ಕೆ ಬಿದ್ದು ಓದಿದೆ. ಒಂದು ತಿಂಗಳು ಹಿಡಿಯಿತು. ಇಷ್ಟವಾಯಿತೇ ಎಂದರೆ ಇವತ್ತಿಗೂ ಉತ್ತರ ಗೊತ್ತಿಲ್ಲ. ವಂಶಾವಳಿ, ಕೋರ್ಟಿನ ವ್ಯಾಜ್ಯ, ಪುಟಗಟ್ಟಲೆ ಉಪದೇಶ; ಬರೆದವರನ್ನು ಬೈದುಕೊಂಡೇ ಹಾಳೆ ತಿರುಗಿಸಿದೆ. ಆದರೆ ಸಾಯುವ ಗಳಿಗೆಯಲ್ಲಿ ಆ ಮುದುಕಿ, "ಹಸುಗೆ ನೀರಿಟ್ರಾ?" ಎಂದು ಕೇಳುತ್ತಾಳೆ. ಅಲ್ಲಿ ಪುಸ್ತಕ ಮುಚ್ಚಿಟ್ಟೆ, ಅವತ್ತು ಮುಂದೆ ಓದಲಿಲ್ಲ. ಹಿರಿಸೊಸೆ ಹೊರಡುವ ಭಾಗಕ್ಕೆ ಕಾದಿದ್ದೆ. ಬಂತು, ಬರೀ ಆರು ಸಾಲು. ಸೀರೆಯೂ ಇಲ್ಲ, ಹೊಸ್ತಿಲೂ ಇಲ್ಲ.

ಅಷ್ಟು ಹೊತ್ತಿಗೆ ಓರಗಿತ್ತಿಯ ಕಾಲು ಸರಿಹೋಗಿತ್ತು. ಹಿತ್ತಿಲಲ್ಲಿ ಪೊರಕೆಗೆಂದು ತೆಂಗಿನ ಗರಿ ಸೀಳುತ್ತಿದ್ದಳು. ಎದುರಿಗೆ ಹೋಗಿ ನಿಂತೆ.

"ಆ ಸೀರೆ ಮಡಿಸೋದು ಯಾವ ಪುಟದಲ್ಲೈತೆ?"

"ಬುಕ್ಕಲ್ಲಿಲ್ವಾ ಅಕ್ಕ? ನಂಗೆ ಹಂಗೇ ಕಾಣ್ತಪ್ಪ," ಎಂದು ನಕ್ಕಳು.

"ಆ ಕೋರ್ಟು ಗೀರ್ಟು ಎಲ್ಲ ಹೆಂಗೆ ಓದ್ದೆ?"

"ಅವನ್ನ ಹಾರಿಸ್ಬುಟ್ಟೆ. ಪರೀಕ್ಷೆ ಏನಾದ್ರೂ ಐತಾ?"

ಹಾರಿಸಬಹುದು ಎಂದು ನನಗೆ ಇಪ್ಪತ್ತು ವರ್ಷ ಹೊಳೆದೇ ಇರಲಿಲ್ಲ. "ನಾನು ಪೂರ್ತಿ ಓದಿದ್ದು ಈಗ್ಲೇ ಕಣೇ," ಅಂದೆ.

"ಗೊತ್ತಿತ್ತು ಬುಡಿ," ಎಂದು ಇನ್ನೊಂದು ಗರಿ ಎಳೆದುಕೊಂಡಳು.

ಶಾಲೆ ಶುರುವಾದ ಮೇಲೆ ಹತ್ತನೆಯ ತರಗತಿಗೆ ಆ ಕತೆ ಹೇಳಿದೆ. ಸೀರೆ, ಹೊಸ್ತಿಲು ಎಲ್ಲ ಸೇರಿಸಿ, ಅವಳು ಹೇಳಿದಂತೆಯೇ. ತರಗತಿ ಉಸಿರು ಬಿಗಿಹಿಡಿದು ಕೇಳಿತು. ಮುಂದಿನ ಬೆಂಚಿನ ಹುಡುಗಿ, "ಎಷ್ಟು ಚೆನ್ನಾಗಿ ಹೇಳ್ತೀರ ಮಿಸ್," ಅಂದಳು. ಹೀಗೆ ಹೇಳಿದ್ದು ನಾನಲ್ಲ, ನನ್ನ ಓರಗಿತ್ತಿ ಎನ್ನಬೇಕಿತ್ತು. ಅನ್ನಲಿಲ್ಲ.